ಎರಡು ಕೆಪ್ಯಾಸಿಟರ್ ಜೋಡಿಸಿದಾಗ ಕಾಣೆಯಾಗುವ ಅರ್ಧ ಶಕ್ತಿ: ಮನೆಯ ಮೇಜಿನ ಮೇಲೆ ಅಳೆದು ನೋಡುವ ಬಗೆ

ವಿದ್ಯುತ್ತನ್ನು ತುಂಬಿಡುವ ಒಂದು ಕೆಪ್ಯಾಸಿಟರಿಗೆ 9 ವೋಲ್ಟ್ ತುಂಬಿ, ಬ್ಯಾಟರಿಯನ್ನು ಕಳಚಿ, ಅಷ್ಟೇ ಅಳತೆಯ ಇನ್ನೊಂದು ಖಾಲಿ ಕೆಪ್ಯಾಸಿಟರಿಗೆ ಜೋಡಿಸಿದರೆ ಕೊನೆಗೆ ಎಷ್ಟು ವೋಲ್ಟ್ ಉಳಿಯುತ್ತದೆ? ಈ ಪ್ರಶ್ನೆಗೆ ಕಾಗದದ ಮೇಲೆ ಎರಡು ಉತ್ತರಗಳು ಬರುತ್ತವೆ. ವಿದ್ಯುದಾವೇಶ (ಮುಂದೆ ಬರೀ ಆವೇಶ ಎನ್ನುತ್ತೇನೆ) ಉಳಿಯಬೇಕು ಎಂದು ಹಿಡಿದು ಹೊರಟವರಿಗೆ 4.5 ವೋಲ್ಟ್ ಸಿಗುತ್ತದೆ. ಶಕ್ತಿ ಉಳಿಯಬೇಕು ಎಂದು ಹಿಡಿದು ಹೊರಟವರಿಗೆ 6.36 ವೋಲ್ಟ್ ಸಿಗುತ್ತದೆ. ಎರಡೂ ಭೌತಶಾಸ್ತ್ರದ ಸಂರಕ್ಷಣಾ ನಿಯಮಗಳೇ. ಆದರೆ ಮೀಟರ್ ಒಂದೇ ಸಂಖ್ಯೆಯನ್ನು ತೋರಿಸುತ್ತದೆ.

ದ್ವಿತೀಯ ಪಿಯುಸಿ ಓದಿದವರಿಗೆ ಈ ಲೆಕ್ಕ ಪರಿಚಿತ. 900 ಪಿಕೋಫ್ಯಾರಡ್‌ನ ಕೆಪ್ಯಾಸಿಟರಿಗೆ 100 ವೋಲ್ಟ್ ತುಂಬಿ ಅಂಥದೇ ಇನ್ನೊಂದಕ್ಕೆ ಜೋಡಿಸಿದರೆ 4.5 ಮೈಕ್ರೋಜೂಲ್ ಇದ್ದ ಶಕ್ತಿ 2.25ಕ್ಕೆ ಇಳಿಯುತ್ತದೆ. ಉಳಿದದ್ದು ಶಾಖವಾಗಿ ಹೋಯಿತು ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಸರಿಯಾಗಿ ಅರ್ಧವೇ ಏಕೆ ಹೋಗಬೇಕು? ತಂತಿ ದಪ್ಪವಿದ್ದರೆ ಕಡಿಮೆ ಹೋಗಬಾರದೇ? ಈ ಎರಡು ಪ್ರಶ್ನೆಗಳನ್ನು ಕೇಳದೆ ಮುಂದಿನ ಪಾಠಕ್ಕೆ ಹೋಗುವುದು ನನಗೆ ಸದಾ ನೋವಿನ ಸಂಗತಿ. ಏಕೆಂದರೆ ಉತ್ತರ ಕಣ್ಣೆದುರಿಗೇ ಸಿಗುತ್ತದೆ, ಅದಕ್ಕೆ ಬೇಕಾದ ಸಾಮಾನು ತೀರಾ ಕಡಿಮೆ.

ಏನೇನು ಬೇಕು

1000 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಎರಡು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳನ್ನು ಕೊಳ್ಳಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಬೇರೆ ಊರಿನಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುವ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಆರು ಪೆನ್ಸಿಲ್ ಸೆಲ್ಲುಗಳು, ಅವು ಸಾಲಾಗಿ ಕೂರುವ ಸ್ಪ್ರಿಂಗ್ ಇರುವ ಹೋಲ್ಡರ್, ಒಂದು ಡಿಜಿಟಲ್ ಮಲ್ಟಿಮೀಟರ್, ನಾಲ್ಕೈದು ಕ್ಲಿಪ್ ತಂತಿಗಳು ಬೇಕು. ಪ್ರವಾಹವನ್ನು ತಡೆಯುವ ರೆಸಿಸ್ಟರ್‌ಗಳಲ್ಲಿ 100 ಓಮ್, 470 ಓಮ್, 1 ಕಿಲೋಓಮ್, 10 ಕಿಲೋಓಮ್, 100 ಕಿಲೋಓಮ್ ಒಂದೊಂದು ಇರಲಿ. ಒಂದು ಕೆಂಪು ಎಲ್‌ಇಡಿಯೂ ಇರಲಿ.

ಕೊನೆಯ ಎರಡು ಪ್ರಯೋಗಗಳಿಗೆ ನೀರೆತ್ತುವ ಮೋಟಾರಿಗೆ ಹಾಕುವ 36 ಮೈಕ್ರೋಫ್ಯಾರಡ್‌ನ ಎರಡು ರನ್ನಿಂಗ್ ಕೆಪ್ಯಾಸಿಟರ್‌ಗಳು ಬೇಕು. ಇವುಗಳನ್ನು ಹೊಸದಾಗಿಯೇ ಕೊಳ್ಳಿ. ಮೋಟಾರಿನಿಂದ ಬಿಚ್ಚಿದ ಹಳೆಯದನ್ನು ಮುಟ್ಟಬೇಡಿ. ಅದರಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಇಲ್ಲಿ ಹೇಳುವ ಯಾವ ಪ್ರಯೋಗಕ್ಕೂ ಗೋಡೆಯ ಪ್ಲಗ್ಗು ಬೇಡ, ಬೇಡವೇ ಬೇಡ. ಕ್ಯಾಮೆರಾದ ಫ್ಲ್ಯಾಶ್‌ನಿಂದ ತೆಗೆದ ಕೆಪ್ಯಾಸಿಟರನ್ನೂ ಬಳಸಬಾರದು.

ಎರಡೂ ಎಲೆಕ್ಟ್ರೋಲಿಟಿಕ್‌ಗಳು ನೋಡಲು ಒಂದೇ ಥರ ಇರುತ್ತವೆ. ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು ಟೇಪು ಸುತ್ತಿ. ಮುಂದೆ ಕೆಂಪು, ಹಸಿರು ಎಂದೇ ಕರೆಯುತ್ತೇನೆ. ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು ಋಣ ಧ್ರುವ. ಅದನ್ನು ತಿರುವುಮುರುವಾಗಿ ಜೋಡಿಸಿದರೆ ಕೆಪ್ಯಾಸಿಟರ್ ಬಿಸಿಯಾಗಿ ಒಡೆಯಬಹುದು. ಪ್ರತಿ ಸಲ ಜೋಡಿಸುವ ಮುನ್ನ ಪಟ್ಟಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೊದಲು ಕೆಪ್ಯಾಸಿಟರನ್ನು ಹದಕ್ಕೆ ತನ್ನಿ

ಅಂಗಡಿಯಲ್ಲಿ ಬಹಳ ದಿನ ಕೂತಿದ್ದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಸ್ವಲ್ಪ ಹೆಚ್ಚಾಗಿಯೇ ಸೋರುತ್ತದೆ. ತುಂಬಿಸಿ ಬಿಟ್ಟರೆ ವೋಲ್ಟೇಜ್ ತಾನಾಗಿ ಇಳಿಯುತ್ತಾ ಹೋಗುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ. ಅದಕ್ಕೆ ಎರಡನ್ನೂ 1 ಕಿಲೋಓಮ್ ರೆಸಿಸ್ಟರ್ ಮೂಲಕ ಬ್ಯಾಟರಿಗೆ ಜೋಡಿಸಿ ಐದು ಹತ್ತು ನಿಮಿಷ ಹಾಗೆಯೇ ಬಿಡಿ. ಒಳಗಿನ ಆಕ್ಸೈಡ್ ಪದರ ಸುಧಾರಿಸಿಕೊಳ್ಳುತ್ತದೆ, ಸೋರಿಕೆ ಕಡಿಮೆಯಾಗುತ್ತದೆ.

ಆಮೇಲೆ ಹಸಿರನ್ನು ಖಾಲಿ ಮಾಡಬೇಕು. 100 ಓಮ್ ರೆಸಿಸ್ಟರನ್ನು ಅದರ ಎರಡು ಕಾಲುಗಳ ನಡುವೆ ಅರ್ಧ ನಿಮಿಷ ಹಿಡಿಯಿರಿ. ತೆಗೆದ ಮೇಲೆ ಮೀಟರ್ ಇಟ್ಟು ನೋಡಿ: ಸೊನ್ನೆ ಇದ್ದದ್ದು ನಿಧಾನವಾಗಿ ಕೆಲವು ಮಿಲಿವೋಲ್ಟ್, ಕೆಲವೊಮ್ಮೆ ಇನ್ನೂ ಹೆಚ್ಚು ಏರುತ್ತದೆ. ಇದು ಮೀಟರಿನ ದೋಷವಲ್ಲ. ಪದರದೊಳಗೆ ಹೀರಿಕೊಂಡಿದ್ದ ಆವೇಶ ತಡವಾಗಿ ಹೊರಗೆ ಬರುತ್ತಿದೆ, ಅಷ್ಟೇ. ಒದ್ದೆ ಬಟ್ಟೆಯನ್ನು ಹಿಂಡಿ ಹಾಕಿದ ಮೇಲೂ ತುದಿಯಲ್ಲಿ ಹನಿ ಕೂಡುವ ಹಾಗೆ. ಇನ್ನೊಮ್ಮೆ ಖಾಲಿ ಮಾಡಿ.

ಮೊದಲ ಪ್ರಯೋಗ: ಮೀಟರ್ ಏನು ಹೇಳುತ್ತದೆ

ಕೆಂಪನ್ನು 9 ವೋಲ್ಟಿಗೆ ತುಂಬಿ. ಬ್ಯಾಟರಿಯನ್ನು ಕಳಚಿ. ಈ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ಬ್ಯಾಟರಿ ಅಂಟಿಕೊಂಡೇ ಇದ್ದರೆ ಅದು ಹೊಸ ಆವೇಶವನ್ನು ತಳ್ಳುತ್ತಲೇ ಇರುತ್ತದೆ. ಹಸಿರೂ 9 ವೋಲ್ಟಿಗೆ ಏರಿ ಕೂರುತ್ತದೆ, ಸಂರಕ್ಷಣೆಯ ಮಾತೇ ಬರುವುದಿಲ್ಲ. ಕಳಚಿದ ಮೇಲೆ ಕೆಂಪಿನ ವೋಲ್ಟೇಜ್ ಬರೆದುಕೊಳ್ಳಿ. ಹೊಸ ಸೆಲ್ಲುಗಳಾದರೆ 9ಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ನಾನು ಲೆಕ್ಕದ ಸುಲಭಕ್ಕೆ 9 ಎಂದೇ ಹಿಡಿಯುತ್ತೇನೆ, ನೀವು ನಿಮ್ಮ ಮೀಟರಿನ ಸಂಖ್ಯೆಯನ್ನು ಹಿಡಿಯಿರಿ.

ಈಗ ಎರಡರ ಋಣ ಕಾಲುಗಳನ್ನು ಕ್ಲಿಪ್ಪಿನಿಂದ ಸೇರಿಸಿ. ಧನ ಕಾಲುಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಇಡಿ. ಮೂರು ಸೆಕೆಂಡು ಕಾದು ಎರಡರ ವೋಲ್ಟೇಜನ್ನೂ ಅಳೆಯಿರಿ.

ಎರಡರಲ್ಲೂ 4.5ರ ಹತ್ತಿರದ ಸಂಖ್ಯೆ ಕಾಣುತ್ತದೆ. 4.3 ಇರಬಹುದು, 4.8 ಇರಬಹುದು. ಈ ಕೆಪ್ಯಾಸಿಟರ್‌ಗಳ ಮೈಮೇಲೆ 1000 ಎಂದು ಬರೆದಿದ್ದರೂ ಒಳಗಿನ ಧಾರಕತೆ, ಅಂದರೆ ಆವೇಶ ಹಿಡಿಯುವ ಅಳತೆ, ಶೇಕಡಾ 20ರಷ್ಟು ಆಚೀಚೆ ಇರಲು ಅವಕಾಶವಿದೆ. ಆದರೆ 6.36 ಖಂಡಿತ ಬರುವುದಿಲ್ಲ.

ಆವೇಶದ ಲೆಕ್ಕ: ಧಾರಕತೆ × ವೋಲ್ಟೇಜ್. ಮೊದಲು ಕೆಂಪಿನಲ್ಲಿ 1000 ಮೈಕ್ರೋಫ್ಯಾರಡ್ × 9 ವೋಲ್ಟ್ = 9 ಮಿಲಿಕೂಲಂಬ್ ಇತ್ತು. ಕೊನೆಗೆ ಎರಡರಲ್ಲೂ 4.5 ಮಿಲಿಕೂಲಂಬ್ ಇದೆ. ಕೂಡಿಸಿದರೆ 9.

ಶಕ್ತಿಯ ಲೆಕ್ಕ: ½ × ಧಾರಕತೆ × ವೋಲ್ಟೇಜ್². ಮೊದಲು 40.5 ಮಿಲಿಜೂಲ್. ಕೊನೆಗೆ ಒಂದೊಂದರಲ್ಲಿ 10.125, ಒಟ್ಟು 20.25 ಮಿಲಿಜೂಲ್. ಉಳಿದ 20.25 ಇಲ್ಲಿಲ್ಲ. ನೂರು ಗ್ರಾಂ ತೂಕವನ್ನು ಎರಡು ಸೆಂಟಿಮೀಟರ್ ಮೇಲೆತ್ತಲು ಬೇಕಾಗುವಷ್ಟು ಶಕ್ತಿ ಅದು; ರೆಸಿಸ್ಟರನ್ನು ಬೆರಳಿನಿಂದ ಮುಟ್ಟಿದರೆ ಬಿಸಿ ತಿಳಿಯದಷ್ಟು ಚಿಕ್ಕದು.

ಎರಡನೆಯ ಉತ್ತರ ಏಕೆ ಬಿದ್ದುಹೋಯಿತು ಎಂಬುದನ್ನೂ ನೋಡಿ. ಎರಡರಲ್ಲೂ 6.36 ವೋಲ್ಟ್ ಇರಬೇಕಾದರೆ ಒಟ್ಟು 12.7 ಮಿಲಿಕೂಲಂಬ್ ಆವೇಶ ಬೇಕು. ನಮ್ಮ ಬಳಿ ಇದ್ದದ್ದು 9. ಬ್ಯಾಟರಿ ಮೇಜಿನ ಆ ತುದಿಯಲ್ಲಿ ಕಳಚಿ ಕೂತಿದೆ. ಉಳಿದ 3.7 ಎಲ್ಲಿಂದ ಬರಬೇಕು? ಶಕ್ತಿಗೆ ರೂಪ ಬದಲಿಸಿ ಶಾಖವಾಗುವ, ಬೆಳಕಾಗುವ ದಾರಿ ಇದೆ. ಆವೇಶಕ್ಕೆ ಅಂಥ ದಾರಿ ಇಲ್ಲ. ಅದಕ್ಕೇ ಇಂಥ ಲೆಕ್ಕಗಳನ್ನು ಯಾವಾಗಲೂ ಆವೇಶದಿಂದ ಆರಂಭಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಪ್ಯಾಸಿಟರಿನೊಳಗೆ ಎದುರುಬದುರಾಗಿರುವ ಎರಡು ತಟ್ಟೆಗಳಲ್ಲಿ ಒಂದರಲ್ಲಿ 9 ಮಿಲಿಕೂಲಂಬ್ ಧನ ಆವೇಶವಿದ್ದರೆ ಎದುರಿನ ತಟ್ಟೆಯಲ್ಲಿ ಅಷ್ಟೇ ಋಣ ಆವೇಶ ಇರುತ್ತದೆ. ಇಡೀ ಕೆಪ್ಯಾಸಿಟರಿನ ನಿವ್ವಳ ಆವೇಶ ಯಾವಾಗಲೂ ಸೊನ್ನೆ. ಹಾಗಾದರೆ ಯಾವುದರ ಸಂರಕ್ಷಣೆಯ ಬಗ್ಗೆ ಮಾತನಾಡುತ್ತಿದ್ದೇವೆ? ಧನ ಕಾಲುಗಳನ್ನು ಸೇರಿಸಿದಾಗ ಆ ಎರಡು ತಟ್ಟೆಗಳು, ನಡುವಿನ ತಂತಿ ಸೇರಿ ಒಂದು ದ್ವೀಪವಾಗುತ್ತವೆ. ಆ ದ್ವೀಪಕ್ಕೆ ಹೊರಗಿನಿಂದ ಸೇತುವೆ ಇಲ್ಲ. ದ್ವೀಪದೊಳಗಿನ ಆವೇಶ ಅಲ್ಲಲ್ಲೇ ಹಂಚಿಕೊಳ್ಳಬಹುದು, ಹೆಚ್ಚು ಕಡಿಮೆ ಆಗಲಾರದು. ಎಷ್ಟೇ ಜಟಿಲವಾದ ಸರ್ಕ್ಯೂಟ್ ಬಂದರೂ ಮೊದಲು ದ್ವೀಪಗಳನ್ನು ಪೆನ್ಸಿಲಿನಿಂದ ಸುತ್ತಿ ಗುರುತಿಸಿ. ಅರ್ಧ ಲೆಕ್ಕ ಮುಗಿದಂತೆ.

ಎರಡನೆಯ ಪ್ರಯೋಗ: ತಂತಿಯ ಮೇಲೆ ತಪ್ಪು ಹೊರಿಸಬಹುದೇ?

ರೆಸಿಸ್ಟರ್ ಇಟ್ಟದ್ದರಿಂದ ಶಕ್ತಿ ಹೋಯಿತು, ಚಿಕ್ಕ ರೆಸಿಸ್ಟರ್ ಇಟ್ಟರೆ ಕಡಿಮೆ ಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಪರೀಕ್ಷಿಸಿ. ಪ್ರತಿ ಸಲವೂ ಕೆಂಪನ್ನು 9ಕ್ಕೆ ತುಂಬಿ, ಹಸಿರನ್ನು ಖಾಲಿ ಮಾಡಿ, ನಡುವಿನ ರೆಸಿಸ್ಟರನ್ನು ಮಾತ್ರ ಬದಲಿಸುತ್ತಾ ಹೋಗಿ: 100 ಓಮ್, 1 ಕಿಲೋಓಮ್, 10 ಕಿಲೋಓಮ್, 100 ಕಿಲೋಓಮ್.

100 ಓಮ್ ಇಟ್ಟಾಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. 10 ಕಿಲೋಓಮ್ ಇಟ್ಟಾಗ ಮೀಟರಿನ ಅಂಕಿಗಳು ಇಳಿಯುವುದನ್ನು ಕೂತು ನೋಡಬಹುದು, ಅರ್ಧ ನಿಮಿಷ ಹಿಡಿಯುತ್ತದೆ. 100 ಕಿಲೋಓಮ್‌ಗೆ ನಾಲ್ಕು ನಿಮಿಷ ಬೇಕು. ಅಲ್ಲಿ ಸೋರಿಕೆಯಿಂದ ಫಲಿತಾಂಶ ಸ್ವಲ್ಪ ಕಡಿಮೆ ಬಂದೀತು. ಆದರೆ ಎಲ್ಲದರ ಕೊನೆಯೂ ಅದೇ 4.5ರ ಆಸುಪಾಸು. ಅಂದರೆ ಎಲ್ಲದರಲ್ಲೂ ಹೋದದ್ದು ಅದೇ 20.25 ಮಿಲಿಜೂಲ್.

ಇದಕ್ಕೆ ಕಾರಣವನ್ನು ಕಲನಶಾಸ್ತ್ರವಿಲ್ಲದೆ ಹೇಳಬಹುದು. ನನಗೆ ಈ ಇಡೀ ವಿಷಯದಲ್ಲಿ ಅತಿ ಚೆಲುವಾಗಿ ಕಾಣುವ ಭಾಗ ಇದು. ಕೆಂಪಿನಿಂದ ಹಸಿರಿಗೆ ಒಟ್ಟು 4.5 ಮಿಲಿಕೂಲಂಬ್ ದಾಟುತ್ತದೆ. ಮೊದಲ ಹನಿ ದಾಟುವಾಗ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ 9. ಕೊನೆಯ ಹನಿ ದಾಟುವಾಗ ಸೊನ್ನೆ. ವ್ಯತ್ಯಾಸ ದಾಟಿದ ಆವೇಶಕ್ಕೆ ತಕ್ಕ ಹಾಗೆ ಸಮನಾಗಿ ಇಳಿಯುತ್ತದೆ, ಆದ್ದರಿಂದ ಸರಾಸರಿ 4.5 ವೋಲ್ಟ್. ಅಷ್ಟು ಎತ್ತರದಿಂದ ಅಷ್ಟು ಆವೇಶ ಬಿದ್ದರೆ 4.5 × 4.5 = 20.25 ಮಿಲಿಜೂಲ್. ಈ ಲೆಕ್ಕದಲ್ಲಿ ರೆಸಿಸ್ಟರಿನ ಹೆಸರೇ ಬರಲಿಲ್ಲ, ಗಮನಿಸಿ. ರೆಸಿಸ್ಟರ್ ಬೀಳುವ ವೇಗವನ್ನು ನಿರ್ಧರಿಸುತ್ತದೆ, ಬೀಳುವ ಎತ್ತರವನ್ನಲ್ಲ.

ಎರಡು ಡ್ರಮ್ಮುಗಳ ನೀರನ್ನು ನೆನೆಸಿಕೊಂಡರೂ ಆಗುತ್ತದೆ. ಒಂದು ತುಂಬಿದೆ, ಒಂದು ಖಾಲಿ. ತಳದಲ್ಲಿ ಪೈಪು ಜೋಡಿಸಿ ನಲ್ಲಿ ತಿರುಗಿಸಿದರೆ ನೀರು ಎರಡರಲ್ಲೂ ಅರ್ಧಕ್ಕೆ ನಿಲ್ಲುತ್ತದೆ. ಒಂದು ಹನಿ ನೀರೂ ಕಡಿಮೆಯಾಗಿಲ್ಲ, ಆದರೆ ಮೇಲ್ಭಾಗದಲ್ಲಿದ್ದ ನೀರೆಲ್ಲ ಕೆಳಗಿಳಿದಿದೆ. ಸ್ಥಿತಿಶಕ್ತಿ ಸರಿಯಾಗಿ ಅರ್ಧವಾಗಿದೆ. ಪೈಪು ಅರ್ಧ ಇಂಚಿನದೋ ಎರಡು ಇಂಚಿನದೋ ಎಂಬುದರಿಂದ ಕಾಯುವ ಹೊತ್ತು ಬದಲಾಗುತ್ತದೆ, ಕೊನೆಯ ಮಟ್ಟ ಬದಲಾಗುವುದಿಲ್ಲ.

ರೆಸಿಸ್ಟರೇ ಇಲ್ಲದೆ ಬರಿಯ ತಂತಿಯಲ್ಲಿ ಸೇರಿಸಿದರೆ? 9 ವೋಲ್ಟಿನಲ್ಲಿ ಇದನ್ನು ಒಮ್ಮೆ ಮಾಡಿ ನೋಡುವುದರಲ್ಲಿ ಅಪಾಯವಿಲ್ಲ. ಚಿಟ್ ಎಂಬ ಸದ್ದು, ಚಿಕ್ಕ ಕಿಡಿ. ಕ್ಷಣಕಾಲ ಹತ್ತಾರು ಆಂಪಿಯರ್ ಹರಿದುಹೋಗಿರಬಹುದು. ಕೆಪ್ಯಾಸಿಟರಿನ ಒಳರೋಧ, ತಂತಿಯ ರೋಧ, ಕಿಡಿಯ ಶಾಖ ಮತ್ತು ಬೆಳಕು, ಗಾಳಿಗೆ ಹೋದ ಸದ್ದು, ಅತ್ಯಲ್ಪವಾಗಿ ರೇಡಿಯೋ ಅಲೆ ಇವೆಲ್ಲ ಸೇರಿ ಅದೇ 20.25 ಮಿಲಿಜೂಲನ್ನು ಹಂಚಿಕೊಳ್ಳುತ್ತವೆ. ಮೀಟರಿನಲ್ಲಿ ಮತ್ತೆ 4.5.

ಬೆಳಕಾಗಿ ನೋಡಬೇಕಾದರೆ

ಕಾಣದ ಶಾಖವನ್ನು ನಂಬಲು ಮನಸ್ಸು ಒಪ್ಪದಿದ್ದರೆ ನಡುವೆ ಎಲ್‌ಇಡಿ ಇಡಿ. ಕೆಂಪಿನ ಧನ ಕಾಲಿನಿಂದ 470 ಓಮ್ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಚಿಕ್ಕ ಕಾಲಿನಿಂದ ಹಸಿರಿನ ಧನ ಕಾಲು. ಸೇರಿಸಿದ ಕೂಡಲೇ ಎಲ್‌ಇಡಿ ಪ್ರಕಾಶಿಸಿ ಮಂಕಾಗುತ್ತಾ ಆರುತ್ತದೆ. ಕಾಣೆಯಾದ ಶಕ್ತಿಯ ಒಂದು ಪಾಲು ನಿಮ್ಮ ಕಣ್ಣಿಗೇ ಬಂದು ಸೇರಿತು.

ಈಗ ಅಳೆಯಿರಿ. ಎರಡೂ ಸಮ ಇರುವುದಿಲ್ಲ. ಕೆಂಪು ಎಲ್‌ಇಡಿ ತನ್ನ ಮೇಲೆ ಸುಮಾರು 1.8 ವೋಲ್ಟ್ ಇಲ್ಲದಿದ್ದರೆ ಹೆಚ್ಚೇನೂ ಪ್ರವಾಹವನ್ನು ಬಿಡುವುದಿಲ್ಲ. ಹಾಗಾಗಿ ಕೆಂಪಿನಲ್ಲಿ 5.4, ಹಸಿರಿನಲ್ಲಿ 3.6ರ ಹತ್ತಿರ ನಿಲ್ಲುತ್ತದೆ. ಸಮತೋಲಕ್ಕೆ ಬರದ ಈ ಸ್ಥಿತಿಯಲ್ಲೂ 5.4 + 3.6 = 9.

ಮೂರನೆಯ ಪ್ರಯೋಗ: ವ್ಯತ್ಯಾಸವನ್ನು ಕುಗ್ಗಿಸಿ

ಈ ಸಲ ಕೆಂಪಿಗೆ ಆರು ಸೆಲ್ಲುಗಳಿಂದ 9 ವೋಲ್ಟ್, ಹಸಿರಿಗೆ ನಾಲ್ಕು ಸೆಲ್ಲುಗಳಿಂದ 6 ವೋಲ್ಟ್ ತುಂಬಿ. ಹೋಲ್ಡರಿನ ಸ್ಪ್ರಿಂಗಿಗೆ ಕ್ಲಿಪ್ ಕಚ್ಚಿಸಿದರೆ ಬೇಕಾದಷ್ಟು ಸೆಲ್ಲುಗಳಿಂದ ಮಾತ್ರ ವೋಲ್ಟೇಜ್ ತೆಗೆದುಕೊಳ್ಳಬಹುದು. ಬ್ಯಾಟರಿ ಕಳಚಿ, ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ. ಎರಡೂ 7.5ಕ್ಕೆ ಬಂದು ನಿಲ್ಲುತ್ತವೆ.

ಮೊದಲಿನ ಶಕ್ತಿ 40.5 + 18 = 58.5 ಮಿಲಿಜೂಲ್. ಕೊನೆಗೆ 56.25. ಹೋದದ್ದು 2.25 ಮಾತ್ರ! ವೋಲ್ಟೇಜ್ ವ್ಯತ್ಯಾಸ 9ರಿಂದ 3ಕ್ಕೆ, ಅಂದರೆ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ನಷ್ಟ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯಿತು. ಸಾಮಾನ್ಯ ಸೂತ್ರ ಇದು: ನಷ್ಟ = ½ × ಎರಡರ ಸರಣಿ ಧಾರಕತೆ × ವೋಲ್ಟೇಜ್ ವ್ಯತ್ಯಾಸ². ಸರಣಿ ಧಾರಕತೆ ಎಂದರೆ ಎರಡರ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದ್ದು. ಅರ್ಧ ಎಂಬುದು ಸಮ ಅಳತೆಯ ಎರಡರಲ್ಲಿ ಒಂದು ಖಾಲಿ ಇದ್ದಾಗ ಮಾತ್ರ. 1000ಕ್ಕೆ 9 ವೋಲ್ಟ್ ತುಂಬಿ ಖಾಲಿ 470ಕ್ಕೆ ಸೇರಿಸಿದರೆ 6.12 ವೋಲ್ಟ್ ಬರುತ್ತದೆ, ನಷ್ಟ ಸುಮಾರು 13 ಮಿಲಿಜೂಲ್.

ಶಕ್ತಿಯನ್ನು ತಿನ್ನುವುದು ವೋಲ್ಟೇಜಿನ ಜಿಗಿತ. ಇದನ್ನು ಅರಿತರೆ ನಷ್ಟವನ್ನು ತಗ್ಗಿಸುವ ಉಪಾಯವೂ ಹೊಳೆಯುತ್ತದೆ. ಖಾಲಿ ಕೆಂಪನ್ನು ಒಮ್ಮೆಲೇ 9 ವೋಲ್ಟಿಗೆ ಜೋಡಿಸಿದರೆ ಸೆಲ್ಲುಗಳು 81 ಮಿಲಿಜೂಲ್ ಕೊಡುತ್ತವೆ, ಕೆಪ್ಯಾಸಿಟರಿನಲ್ಲಿ ಉಳಿಯುವುದು 40.5. ಇಲ್ಲಿಯೂ ಅರ್ಧ ನಷ್ಟವೇ. ಅದೇ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ: ಮೊದಲು ಒಂದು ಸೆಲ್ಲಿಗೆ, ಆಮೇಲೆ ಎರಡಕ್ಕೆ, ಮೂರಕ್ಕೆ, ಹೀಗೆ ಆರರವರೆಗೆ ಕ್ಲಿಪ್ಪನ್ನು ಸ್ಪ್ರಿಂಗಿನಿಂದ ಸ್ಪ್ರಿಂಗಿಗೆ ಸರಿಸುತ್ತಾ ಹೋಗಿ. ಪ್ರತಿ ಮೆಟ್ಟಿಲಿನಲ್ಲೂ 1.5 ವೋಲ್ಟ್ ಜಿಗಿತ, ನಷ್ಟ 1.125 ಮಿಲಿಜೂಲ್. ಆರು ಮೆಟ್ಟಿಲಿಗೆ 6.75. ಕೊನೆಗೆ ಕೆಪ್ಯಾಸಿಟರಿನಲ್ಲಿ ಅದೇ 40.5 ಇದೆ, ವ್ಯರ್ಥವಾದದ್ದು ಒಮ್ಮೆಲೇ ಜೋಡಿಸಿದಾಗಿನ ನಷ್ಟದ ಆರನೆಯ ಒಂದು ಭಾಗ. ಮೀಟರ್ ಈ ಉಳಿತಾಯವನ್ನು ನೇರವಾಗಿ ತೋರಿಸುವುದಿಲ್ಲ. ಪ್ರತಿ ಮೆಟ್ಟಿಲಿನ ವೋಲ್ಟೇಜ್ ಬರೆದುಕೊಂಡು ಲೆಕ್ಕ ಹಾಕಬೇಕು.

ಇದರಿಂದ ಸಿಗುವ ಒಂದು ಉಪಯೋಗ: ಅಳಿಸಿಹೋದ ಕೆಪ್ಯಾಸಿಟರನ್ನು ಅಳೆಯುವುದು

ಮೈಮೇಲಿನ ಅಕ್ಷರ ಅಳಿಸಿಹೋದ ಕೆಪ್ಯಾಸಿಟರ್ ಸಿಕ್ಕಿದೆ, ನಿಮ್ಮ ಮೀಟರಿನಲ್ಲಿ ಧಾರಕತೆ ಅಳೆಯುವ ಗುಂಡಿ ಇಲ್ಲ ಎಂದುಕೊಳ್ಳಿ. ಗೊತ್ತಿರುವ ಕೆಪ್ಯಾಸಿಟರನ್ನು ತುಂಬಿ, ವೋಲ್ಟೇಜ್ ಬರೆದುಕೊಂಡು, ಖಾಲಿ ಮಾಡಿದ ಗೊತ್ತಿಲ್ಲದ್ದಕ್ಕೆ ಸೇರಿಸಿ. ಗೊತ್ತಿಲ್ಲದ ಧಾರಕತೆ = ಗೊತ್ತಿರುವುದು × ಕುಸಿದ ವೋಲ್ಟೇಜ್ ÷ ಉಳಿದ ವೋಲ್ಟೇಜ್. 1000 ಮೈಕ್ರೋಫ್ಯಾರಡ್‌ನ 9 ವೋಲ್ಟ್ 7.5ಕ್ಕೆ ಇಳಿದರೆ, 1000 × 1.5 ÷ 7.5 = 200 ಮೈಕ್ರೋಫ್ಯಾರಡ್. ಎಲೆಕ್ಟ್ರೋಲಿಟಿಕ್ ಆದರೆ ಧ್ರುವ ಖಚಿತವಾದ ಮೇಲೆಯೇ ಜೋಡಿಸಿ.

ಮೈಕಲ್ ಫ್ಯಾರಡೆ 1837ರಲ್ಲಿ ಮಾಡಿದ್ದು ಇದನ್ನೇ. ಒಂದರೊಳಗೊಂದು ಕೂರುವ ಲೋಹದ ಗೋಳಗಳಿಂದ ಮಾಡಿದ, ತದ್ರೂಪಿ ಎರಡು ಉಪಕರಣಗಳನ್ನು ಅವನು ಇಟ್ಟುಕೊಂಡಿದ್ದ. ಒಂದಕ್ಕೆ ಆವೇಶ ತುಂಬಿ ಇನ್ನೊಂದರ ಜೊತೆ ಹಂಚಿಸಿ, ತಿರುಚು ತಕ್ಕಡಿಯಲ್ಲಿ ಅಳೆಯುತ್ತಿದ್ದ. ಎರಡರಲ್ಲೂ ಗಾಳಿಯೇ ಇದ್ದಾಗ ಆವೇಶ ಸಮಪಾಲಾಗುತ್ತಿತ್ತು. ಒಂದರ ಗೋಳಗಳ ನಡುವೆ ಗಂಧಕವನ್ನೋ ಅರಗನ್ನೋ ತುಂಬಿದಾಗ ಪಾಲು ಏರುಪೇರಾಯಿತು. ನಡುವಿನ ವಸ್ತುವಿಗೂ ಧಾರಕತೆಗೂ ಸಂಬಂಧವಿದೆ ಎಂಬುದು ಹಾಗೆ ಸಿದ್ಧವಾಯಿತು. ಧಾರಕತೆಯ ಮಾನಕ್ಕೆ ಅವನ ಹೆಸರೇ ಬಂದಿರುವುದು ನ್ಯಾಯವಾಗಿದೆ.

ಇಂದು ಇದೇ ಹಂಚಿಕೆ ಕಂಪ್ಯೂಟರ್ ಮತ್ತು ಮೊಬೈಲಿನ ಡೈನಮಿಕ್ ರ‍್ಯಾಮ್‌ನಲ್ಲಿ ಎಡೆಬಿಡದೆ ನಡೆಯುತ್ತಿದೆ. ಅಲ್ಲಿ ಒಂದೊಂದು ಬಿಟ್, ಅಂದರೆ ನೆನಪಿಡಬೇಕಾದ ಒಂದು 0 ಅಥವಾ 1, ಒಂದು ಅತಿ ಸಣ್ಣ ಕೆಪ್ಯಾಸಿಟರ್. ಓದುವಾಗ ಅದನ್ನು ತನಗಿಂತ ದೊಡ್ಡ ಧಾರಕತೆಯ ತಂತಿಗೆ ಸೇರಿಸುತ್ತಾರೆ. ಆವೇಶ ಹಂಚಿಹೋಗಿ ತಂತಿಯ ವೋಲ್ಟೇಜ್ ಚೂರೇ ಚೂರು ಅಲುಗುತ್ತದೆ, ಆ ಅಲುಗಾಟವನ್ನು ವರ್ಧಕ ಗುರುತಿಸುತ್ತದೆ. ಹಂಚಿದ್ದರಿಂದ ಬಿಟ್ ಅಳಿಸಿಹೋಗುತ್ತದಲ್ಲ, ಆದ್ದರಿಂದ ಓದಿದ ಪ್ರತಿ ಸಲವೂ ಮತ್ತೆ ಬರೆಯಲೇಬೇಕು.

ದೊಡ್ಡ ಕೆಪ್ಯಾಸಿಟರ್‌ಗಳ ಜೊತೆ ಎಚ್ಚರ

ನಮ್ಮ ಪ್ರಯೋಗದ ಕಿಡಿ ಆಟಿಕೆಯಂಥದ್ದು. ಆದರೆ ಅಂಗಡಿಗಳಲ್ಲಿ ಈಗ 2.7 ವೋಲ್ಟ್, 100 ಫ್ಯಾರಡ್‌ನ ಸೂಪರ್ ಕೆಪ್ಯಾಸಿಟರ್‌ಗಳು ಸಿಗುತ್ತವೆ. ಪೂರ್ತಿ ತುಂಬಿದಾಗ ಅದರಲ್ಲಿ 364 ಜೂಲ್ ಇರುತ್ತದೆ. ಅಂಥದೇ ಖಾಲಿಯೊಂದಕ್ಕೆ ನೇರ ತಂತಿಯಲ್ಲಿ ಸೇರಿಸಿದರೆ 182 ಜೂಲ್ ಆ ತಂತಿಯಲ್ಲೂ ಒಳರೋಧದಲ್ಲೂ ಸುಟ್ಟುಹೋಗಬೇಕು. ತಂತಿ ಕಾಯುತ್ತದೆ, ಸಂಪರ್ಕ ಬೆಸೆದುಕೊಳ್ಳಬಹುದು, ಕೈ ಸುಡಬಹುದು. ಹೀಗೆ ಮಾಡಬೇಡಿ. ಸೇರಿಸಲೇಬೇಕಾದರೆ ಮೊದಲು ಎರಡನ್ನೂ ಒಂದೇ ವೋಲ್ಟೇಜಿಗೆ ತನ್ನಿ, ಅಥವಾ ಶಾಖ ತಡೆಯುವ ದೊಡ್ಡ ರೆಸಿಸ್ಟರ್ ಮೂಲಕ ಸೇರಿಸಿ. ವಿದ್ಯುತ್ ಕಾರುಗಳಲ್ಲೂ ಇದೇ ಜಾಗರೂಕತೆ ಇದೆ: ಮುಖ್ಯ ರಿಲೇ ಮುಚ್ಚುವ ಮುನ್ನ ಒಂದು ರೆಸಿಸ್ಟರ್ ಮೂಲಕ ಇನ್ವರ್ಟರಿನ ಕೆಪ್ಯಾಸಿಟರನ್ನು ತುಂಬಿಕೊಳ್ಳುತ್ತಾರೆ. ಅದರಿಂದ ಶಕ್ತಿ ಉಳಿಯುವುದಿಲ್ಲ, ರಿಲೇಯ ಸಂಪರ್ಕಗಳು ಉಳಿಯುತ್ತವೆ.

ನಾಲ್ಕನೆಯ ಪ್ರಯೋಗ: ತಿರುವುಮುರುವಾಗಿ ಸೇರಿಸುವುದು

ಇದಕ್ಕೆ ಎಲೆಕ್ಟ್ರೋಲಿಟಿಕ್ ಬೇಡ. ಧ್ರುವವಿಲ್ಲದ 36 ಮೈಕ್ರೋಫ್ಯಾರಡ್‌ನ ಮೋಟಾರ್ ಕೆಪ್ಯಾಸಿಟರ್‌ಗಳನ್ನು ತೆಗೆದುಕೊಳ್ಳಿ. ಎರಡಕ್ಕೂ 9 ವೋಲ್ಟ್ ತುಂಬಿ. ಧನ ಯಾವ ಕಡೆ ಎಂದು ಟೇಪಿನಿಂದ ಗುರುತು ಮಾಡಿ. ಈಗ ಒಂದರ ಧನವನ್ನು ಇನ್ನೊಂದರ ಋಣಕ್ಕೆ 1 ಕಿಲೋಓಮ್ ಮೂಲಕ, ಉಳಿದೆರಡನ್ನು ನೇರವಾಗಿ ಸೇರಿಸಿ. ಅಳೆಯುವಾಗ ತಡ ಮಾಡಬೇಡಿ. ಅನೇಕ ಮಲ್ಟಿಮೀಟರ್‌ಗಳ ಒಳರೋಧ 10 ಮೆಗಾಓಮ್. 36 ಮೈಕ್ರೋಫ್ಯಾರಡ್‌ನ ವೋಲ್ಟೇಜ್ ಅದರ ಮೂಲಕವೇ ಮೂರೂವರೆ ಸೆಕೆಂಡಿಗೆ ಶೇಕಡಾ 1ರಷ್ಟು ಇಳಿಯುತ್ತದೆ.

ಮೀಟರಿನಲ್ಲಿ ಸೊನ್ನೆ, ಅಥವಾ ಅದರ ಹತ್ತಿರ. ಎರಡರಲ್ಲೂ ತಲಾ 1.46 ಮಿಲಿಜೂಲ್ ಇತ್ತು. ಈಗ ಏನೂ ಇಲ್ಲ. ದ್ವೀಪದ ಲೆಕ್ಕ ಹಾಕಿ: ಒಂದು ದ್ವೀಪದೊಳಗೆ ಒಂದು ತಟ್ಟೆಯ ಧನ 324 ಮೈಕ್ರೋಕೂಲಂಬ್, ಇನ್ನೊಂದರ ಋಣ 324 ಮೈಕ್ರೋಕೂಲಂಬ್. ಮೊತ್ತ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಆವೇಶದ ನಿಯಮ ಕೂದಲೆಳೆಯಷ್ಟೂ ಮುರಿದಿಲ್ಲ, ಶಕ್ತಿ ಮಾತ್ರ ಪೂರ್ತಿ ಶಾಖವಾಗಿ ಹೋಗಿದೆ. ಸೂತ್ರಕ್ಕೂ ಇದು ಒಪ್ಪುತ್ತದೆ, ಏಕೆಂದರೆ ಇಲ್ಲಿ ವ್ಯತ್ಯಾಸ 9 ಅಲ್ಲ, 18.

ಐದನೆಯ ಪ್ರಯೋಗ: ಹೆಚ್ಚು ಕಳೆದುಕೊಳ್ಳದೆ ದಾಟಿಸುವುದು

ಇದಕ್ಕೆ ಎರಡು ಹೊಸ ವಸ್ತುಗಳು ಬೇಕು. ಒಂದು ಮಿಲಿಹೆನ್ರಿಯ ಸುರುಳಿ. ಸ್ಪೀಕರ್ ಪೆಟ್ಟಿಗೆಯ ಕ್ರಾಸ್‌ಓವರಿನಲ್ಲಿರುವ ದಪ್ಪ ತಂತಿಯ ಸುರುಳಿ ಬಹಳ ಚೆನ್ನಾಗಿ ಒದಗುತ್ತದೆ. ಇನ್ನೊಂದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ, 1ಎನ್5819 ಎಂಬ ಶಾಟ್ಕಿ ಡಯೋಡ್. ಕೆಪ್ಯಾಸಿಟರ್‌ಗಳು ಅವೇ 36 ಮೈಕ್ರೋಫ್ಯಾರಡ್‌ನವು, ಒಳರೋಧ ತುಂಬಾ ಕಡಿಮೆ ಇರುವುದರಿಂದ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಟೇಪು ಹಾಕಿ.

ಹಸಿರನ್ನು ಖಾಲಿ ಮಾಡಿ, ಕೆಂಪಿಗೆ 9 ವೋಲ್ಟ್ ತುಂಬಿ, ಬ್ಯಾಟರಿ ಕಳಚಿ. ಋಣ ಕಾಲುಗಳನ್ನು ಸೇರಿಸಿ. ಹಸಿರಿನ ಧನ ಕಾಲಿಗೆ ಡಯೋಡಿನ ಪಟ್ಟಿ ಇರುವ ತುದಿ, ಡಯೋಡಿನ ಇನ್ನೊಂದು ತುದಿಗೆ ಸುರುಳಿ. ಸುರುಳಿಯ ಬಿಡಿ ತುದಿಯನ್ನು ಕೆಂಪಿನ ಧನ ಕಾಲಿಗೆ ಗಟ್ಟಿಯಾಗಿ, ಒಮ್ಮೆಲೇ ತಾಗಿಸಿ. ಕೈ ನಡುಗಿ ಸಂಪರ್ಕ ಬಿಟ್ಟು ಬಿಟ್ಟು ಸೇರಿದರೆ ಶಕ್ತಿ ಕಿಡಿಯಲ್ಲಿ ಹೋಗುತ್ತದೆ. ಒಂದು ಟಾಗಲ್ ಸ್ವಿಚ್ ಇದ್ದರೆ ಒಳ್ಳೆಯದು. ಮೂರು ನಾಲ್ಕು ಸಲ ಮಾಡಿ, ಅತ್ಯುತ್ತಮವಾದದ್ದನ್ನು ಇಟ್ಟುಕೊಳ್ಳಿ.

ಒಳಗೆ ನಡೆಯುವುದು ಹೀಗೆ. ಸುರುಳಿ ಪ್ರವಾಹವನ್ನು ಒಮ್ಮೆಲೇ ಏರಲು ಬಿಡುವುದಿಲ್ಲ. ಆವೇಶ ಬೀಳುವಾಗ ಬಿಡುಗಡೆಯಾಗುವ ಶಕ್ತಿ ಶಾಖವಾಗುವ ಬದಲು ಸುರುಳಿಯ ಕಾಂತಕ್ಷೇತ್ರದಲ್ಲಿ ಸೇರಿಕೊಳ್ಳುತ್ತದೆ. ಎರಡೂ ಕೆಪ್ಯಾಸಿಟರ್‌ಗಳು 4.5 ವೋಲ್ಟಿಗೆ ಸಮನಾಗುವ ಕ್ಷಣವೊಂದು ಬರುತ್ತದೆ. ರೋಧವನ್ನು ಮರೆತರೆ, ಆ ಕ್ಷಣದಲ್ಲಿ ಕಾಣೆಯಾದ ಅರ್ಧ ಶಕ್ತಿ ಪೂರ್ತಿಯಾಗಿ ಸುರುಳಿಯಲ್ಲಿದೆ. ಇಷ್ಟು ಹೊತ್ತು ನಾವು ಹುಡುಕುತ್ತಿದ್ದ ಅದೇ ಅರ್ಧ! ಪ್ರವಾಹ ಆಗ ಶಿಖರದಲ್ಲಿರುತ್ತದೆ, ನಿಲ್ಲಲಾರದು. ಜೋಕಾಲಿ ತಳ ಮುಟ್ಟಿದ ಮೇಲೂ ಆ ಕಡೆಗೆ ಏರುವ ಹಾಗೆ ಆವೇಶ ಹಸಿರಿಗೆ ಏರುತ್ತಲೇ ಹೋಗುತ್ತದೆ. ಒಟ್ಟು 0.42 ಮಿಲಿಸೆಕೆಂಡಿನಲ್ಲಿ ಆ ತುದಿ ಮುಟ್ಟುತ್ತದೆ. ಡಯೋಡ್ ಇಲ್ಲದಿದ್ದರೆ ತೂಗಾಡುತ್ತಾ ಕೊನೆಗೆ ಮತ್ತೆ 4.5ಕ್ಕೇ ಬಂದು ನಿಲ್ಲುತ್ತಿತ್ತು. ಡಯೋಡ್ ಹಿಂದಿರುಗುವ ದಾರಿಯನ್ನು ಮುಚ್ಚುತ್ತದೆ.

ಮೀಟರ್ ಇಡಿ. ಜೋಡಣೆ ಚೆನ್ನಾಗಿದ್ದರೆ ಹಸಿರಿನಲ್ಲಿ 8ರ ಹತ್ತಿರ, ಕೆಂಪಿನಲ್ಲಿ 1ರ ಹತ್ತಿರ ಕಾಣುತ್ತದೆ. 1.46 ಮಿಲಿಜೂಲಿನಲ್ಲಿ ಸುಮಾರು 1.17 ಉಳಿದಿದೆ, ಅಂದರೆ ಶೇಕಡಾ 80. ನಿಮ್ಮ ಸುರುಳಿಯ ತಂತಿ ಸಣ್ಣದಾಗಿದ್ದರೆ ಹಸಿರಿನಲ್ಲಿ 7 ಬಂದೀತು, 6.5 ಬಂದೀತು. 4.5 ದಾಟಿದ್ದರೆ ಪ್ರಯೋಗ ಸರಿಯಾಗಿದೆ. ಎಷ್ಟೇ ಬಂದಿರಲಿ, ಎರಡು ಓದುಗಳನ್ನೂ ಪಕ್ಕಪಕ್ಕ ಬರೆದು ಕೂಡಿಸಿ, ಮೊತ್ತ 9ಕ್ಕೆ ಎಷ್ಟು ಹತ್ತಿರ ಬರುತ್ತದೆ ನೋಡಿ.